ಮೂರು ಕಿಲೋಮೀಟರಿಗೆ ಮೂರು ಗಂಟೆ

"ಮೂರು ಕಿಲೋಮೀಟರಿಗೆ ಮೂರು ಗಂಟೆ ಬೇಕಾಯ್ತಾ?" ಸುಣ್ಣಕಲ್ಲಿನ ಕಾಡೊಂದರಲ್ಲಿ ನಾನು ಮಾಡಿದ ಚಾರಣದ ಫೋಟೋ ನೋಡಿದ ಗೆಳೆಯರೊಬ್ಬರು ಕೇಳಿದ ಮೊದಲ ಪ್ರಶ್ನೆ ಇದು. ಹೌದು ಸ್ವಾಮಿ, ಬೇಕಾಯಿತು. ಕತ್ತಲಾಗದಿದ್ದರೆ ಇನ್ನೂ ಒಂದು ಗಂಟೆ ಅಲ್ಲೇ ಇರುತ್ತಿದ್ದೆ.

ಶುರುವಿನಲ್ಲಿದ್ದ ಫಲಕದ ಮೇಲೆ ‘ಸುಲಭದ ದಾರಿ’ ಅಂತ ಬರೆದಿತ್ತು. ಅದನ್ನು ನಂಬಿ ಅಟ್ಟೆ ಸವೆದ ಹಳೇ ಶೂನಲ್ಲೇ ಹೊರಟೆ. ದೊಡ್ಡ ಏರಿಲ್ಲ, ಮೇಲೆ ಮರದ ನೆರಳು, ಇನ್ನೇನು ಬೇಕು? ಆದರೆ ಸುಣ್ಣಕಲ್ಲಿನ ಕಾಡಿನಲ್ಲಿ ನೆಲವನ್ನು ನಂಬುವ ಹಾಗಿಲ್ಲ. ತರಗೆಲೆ ಹಾಸಿದ್ದ ಕಡೆ ಹೆಜ್ಜೆ ಇಟ್ಟೆ, ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಎಲೆಗಳ ಕೆಳಗೆ ಗೇಣಗಲದ ಬಿರುಕು! ಪುಣ್ಯಕ್ಕೆ ಚರ್ಮ ಮಾತ್ರ ತರಚಿತು.

ಇದೆಲ್ಲ ಮಳೆನೀರಿನ ಕೆಲಸ. ಅದು ಗಾಳಿಯಿಂದ, ಅದಕ್ಕಿಂತ ಜಾಸ್ತಿ ಕಾಡಿನ ಮಣ್ಣಿನಿಂದ, ಕಾರ್ಬನ್ ಡೈಆಕ್ಸೈಡ್ ಹೀರಿ ಒಂಚೂರು ಹುಳಿಯಾಗುತ್ತದೆ. ಕಲ್ಲಿನ ಸೀಳಿಗೆ ಇಳಿದು ಸಾವಿರಾರು ವರ್ಷ ಕಲ್ಲನ್ನೇ ಕರಗಿಸುತ್ತದೆ. ಸೀಳು ಬಿರುಕಾಗುತ್ತದೆ, ಕೆಲವು ಕಡೆ ಗುಹೆಯೂ ಆಗುತ್ತದೆ. ಇಂಥ ನೆಲಕ್ಕೆ ಕಾರ್ಸ್ಟ್ ಅಂತಾರೆ, ಸ್ಲೊವೇನಿಯಾದ ಕ್ರಾಸ್ ಎಂಬ ಪ್ರಸ್ಥಭೂಮಿಯಿಂದ ಬಂದ ಹೆಸರು. ನೀರು ಬಿರುಕುಗಳಲ್ಲೇ ಇಳಿದುಹೋಗುವುದರಿಂದ ದಾರಿಯಲ್ಲಿ ಒಂದು ತೊರೆಯೂ ಸಿಗಲಿಲ್ಲ. ಅರ್ಧ ಬಾಟಲಿ ನೀರು ಒಯ್ದಿದ್ದು ನನ್ನದೇ ತಪ್ಪು ಬಿಡಿ.

ಗಾಯ ಒರೆಸಿಕೊಳ್ಳೋಕೆ ಕೂತ ಬಂಡೆಯಲ್ಲಿ, ಪುಟಾಣಿ ಬಳೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಏನೋ ಕಂಡಿತು. ಕಿರುಬೆರಳಿನಷ್ಟು ಉದ್ದ. ಸೀ ಲಿಲಿಯ ಕಾಂಡದ ಪಳೆಯುಳಿಕೆ. ಹೆಸರು ಹೂವಿನದು, ಜೀವ ಮಾತ್ರ ನಕ್ಷತ್ರಮೀನಿನ ನೆಂಟ. ಅಂದರೆ ನಾನು ಕೂತಿದ್ದು ಒಂದು ಕಾಲದ ಕಡಲ ತಳದ ಮೇಲೆ!

ಅಲ್ಲಿಂದ ಮುಂದೆ ಅವಸರ ಬಿಟ್ಟೆ. ಹಿಡಿ ಮಣ್ಣೂ ಇಲ್ಲದ ಬಂಡೆಯನ್ನು ಒಂದು ಮರ ಬೇರಿನಿಂದ ತಬ್ಬಿಕೊಂಡಿತ್ತು, ಅದರ ಮುಂದೆ ಸುಮ್ನೆ ಹತ್ತು ನಿಮಿಷ ನಿಂತೆ. ಚಾರಣವನ್ನು ಕಿಲೋಮೀಟರಿನಲ್ಲೇ ಅಳೆಯುವವರ ಮೇಲೆ ನನಗೆ ತಕರಾರಿರುವುದು ಇಲ್ಲೇ. ವಾಚು ತೋರಿಸಿದ ಹೆಜ್ಜೆ ಲೆಕ್ಕ ಹಾಕ್ತಾರೆ, ಆ ಹೆಜ್ಜೆ ಯಾವ ಕಲ್ಲಿನ ಮೇಲೆ ಬಿತ್ತು ಅಂತ ಹೇಳೋದೇ ಇಲ್ಲ, ಅಲ್ವಾ?

ಹೋಗುವವರು ಮಳೆ ಬಿದ್ದ ಮರುದಿನ ಹೋಗಬೇಡಿ. ಜನ ತುಳಿದು ನುಣುಪಾದ ಸುಣ್ಣಕಲ್ಲು ಒದ್ದೆಯಾದರೆ ಸಾಬೂನಿನ ಹಾಗೆ ಜಾರುತ್ತದೆ. ಹಿಡಿತವಿರುವ ಶೂ ಇರಲಿ, ಕೈಯಲ್ಲೊಂದು ಕೋಲಿರಲಿ. ಕೋಲು ಊರುವುದಕ್ಕಲ್ಲ, ತರಗೆಲೆಯ ಕೆಳಗೆ ನೆಲ ಇದೆಯಾ ಅಂತ ಚುಚ್ಚಿ ನೋಡುವುದಕ್ಕೆ. ದಾರಿಯಲ್ಲಿ ಬಿದ್ದಿದ್ದ ಒಣ ಕೊಂಬೆಯೊಂದನ್ನು ಹಿಡಿದು, ಕೊನೆಯ ಅರ್ಧ ಕಿಲೋಮೀಟರು ನಾನು ಹಾಗೇ ಚುಚ್ಚುತ್ತಾ ಚುಚ್ಚುತ್ತಾ ಬಂದೆ.