ಕೇರೆ ಹಾವು ಮತ್ತು ಕಾಕಾನ ಟವೆಲ್

ಚಿತ್ತಾಪುರದ ಕಡೆಯ ನಮ್ಮ ಊರಿನ ಹಳೇ ಮನೆಗಳೆಲ್ಲ ಶಹಾಬಾದ್ ಕಲ್ಲಿನವು. ಗೋಡೆಯ ಸಂದಿಯಲ್ಲಿ ಇಲಿಗಳ ಸಂಸಾರ. ಹಿತ್ತಲಲ್ಲಿ ಒಲೆಗೆಂದು ಒಟ್ಟಿದ ತೊಗರಿ ಕಟ್ಟಿಗೆ. ಕೇರೆ ಹಾವನ್ನು ಮತ್ತೆ ಬೇರೆ ಕರೆಯಬೇಕಾ?

ಒಂದು ಮಧ್ಯಾಹ್ನ ಕಟ್ಟಿಗೆ ಎಳೆದೆ ನೋಡಿ, ಆರಡಿ ಉದ್ದದ ಕಂದು ಹಗ್ಗವೊಂದು ಕಾಲ ಪಕ್ಕದಿಂದ ಸರ್ರನೆ ಹರಿದು, ಗೋಡೆ ಹತ್ತಿ, ಬೇವಿನ ಮರ ಸೇರಿತು. "ನಾಗರ!" ಎಂದು ಕಿರುಚಿದೆ. ಓಣಿಗೆ ಓಣಿಯೇ ಬಡಿಗೆ ಹಿಡಿದು ಬಂತು. ಆಯಿ ಮಾತ್ರ ಕುಂತಲ್ಲಿಂದ ಏಳಲಿಲ್ಲ.

"ಏ, ಬಿಡ್ರಿ ಅದಕ್ಕ. ಕೇರಿ ಹಾವದ, ಇಲಿ ತಿನ್ಲಾಕ ಬಂದದ."

ಆಮೇಲೆ ನಾನೂ ಗುರುತು ಕಲಿತೆ. ದೊಡ್ಡ ದುಂಡು ಕಣ್ಣು, ತುಟಿಯ ಮೇಲೆ ಕಪ್ಪು ಗೀಟು. ಹಗಲು ಬೇಟೆಯಾಡುವ ಹಾವು, ಕಣ್ಣು ಚುರುಕು. ವಿಷ ಇಲ್ಲ. ಹಾಗಂತ ಕೈಯಲ್ಲಿ ಹಿಡಿಯಲು ಹೋದರೆ ರಕ್ತ ಬರುವಂತೆ ಕಚ್ಚುತ್ತದೆ. ಮೂಲೆಗೆ ಸಿಕ್ಕರೆ ಕುತ್ತಿಗೆ ಉಬ್ಬಿಸಿ ನಾಯಿಯ ಹಾಗೆ ಗುರ್ ಅನ್ನುತ್ತದೆ. ದಾರಿ ಸಿಕ್ಕರೆ ಮಾತ್ರ ಓಟವೇ ಓಟ.

ಓಟದಿಂದಲೇ ರೇಸರ್ ಎಂಬ ಹೆಸರು ಪಡೆದ ಹಾವುಗಳೂ ಇವೆ. ಅಮೆರಿಕದ ರೇಸರ್ ಎಷ್ಟು ಜೋರು ಅಂತೀರಿ? ಗಂಟೆಗೆ ಹೆಚ್ಚೆಂದರೆ 6 ಕಿಲೋಮೀಟರ್ ಆಸುಪಾಸು. ಬೆಳಗಿನ ವಾಕಿಂಗಿನವರು ಹಿಂದೆ ಹಾಕಬಹುದು! ಹುಲ್ಲಿನಲ್ಲಿ ಕಣ್ಣಿಗೆ ಕಾಣುವ ವೇಗವೇ ಬೇರೆ, ಅಷ್ಟೇ. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುತ್ತಿದ್ದ ಲಿನೇಯಸ್ 1758ರಲ್ಲಿ ಅದಕ್ಕೆ ಬಿಗಿದು ಕೊಲ್ಲುವುದು ಎಂಬ ಅರ್ಥದ ಹೆಸರಿಟ್ಟ. ಅದೋ, ಬೇಟೆಯನ್ನು ಮೈಯಿಂದ ನೆಲಕ್ಕೆ ಒತ್ತಿ ಹಿಡಿದು ಸುಮ್ನೆ ನುಂಗುತ್ತದೆ. ಗಾಬರಿಯಾದರೆ ತರಗೆಲೆಗಳ ನಡುವೆ ಬಾಲ ನಡುಗಿಸಿ, ಬಾಲದಲ್ಲಿ ಗಿಲಕಿಯಿರುವ ವಿಷದ ಹಾವಿನ (ರ್ಯಾಟಲ್ ಸ್ನೇಕ್) ಸದ್ದು ಮಾಡುತ್ತದೆ. ನಮ್ಮ ದೇಶದ ಬ್ಯಾಂಡೆಡ್ ರೇಸರ್ ಇನ್ನೂ ದೊಡ್ಡ ನಾಟಕದ್ದು. ತಲೆ ಎತ್ತಿ, ಕುತ್ತಿಗೆ ಚಪ್ಪಟೆ ಮಾಡಿ ನಾಗರನ ವೇಷ ಹಾಕುತ್ತದೆ. ಆ ವೇಷ ನಂಬಿದ ಜನ ನಮಸ್ಕಾರ ಮಾಡುವುದಿಲ್ಲ, ಹೊಡೆಯುತ್ತಾರೆ. ಪಾಪ ಅಲ್ವಾ?

ಕೇರೆಯ ಮೇಲಿನ ಅಪವಾದಗಳೂ ಕಡಿಮೆಯಿಲ್ಲ. ಎಮ್ಮೆಯ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದಂತೆ. ಸೂಜಿಯಂಥ, ಹಿಂದಕ್ಕೆ ಬಾಗಿದ ಹಲ್ಲು ಅದರದು. ಕರುವಿನ ಹಲ್ಲು ಸ್ವಲ್ಪ ತಾಗಿದರೇ ಒದೆಯುವ ನಮ್ಮ ಎಮ್ಮೆ ಇದಕ್ಕೆ ಸುಮ್ಮನೆ ನಿಲ್ಲುತ್ತದೆಯೇ?

ಒಮ್ಮೆ ಹೊಲದ ಬದುವಿನ ಮೇಲೆ ಎರಡು ಕೇರೆಗಳು ಹೆಣೆದುಕೊಂಡು ಎದ್ದು ನಿಂತಿದ್ದವು. ಕಾಕಾನಿಗೆ ಖುಷಿಯೋ ಖುಷಿ. ಜೋಡಿ ಹಾವಿನ ಸರಸದ ಮೇಲೆ ಬಟ್ಟೆ ಹಾಕಿ, ಅದನ್ನು ಪೆಟ್ಟಿಗೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆಂದು ಅವನ ನಂಬಿಕೆ. ಹೆಗಲ ಮೇಲಿನ ಹೊಸ ಟವೆಲ್ ಎಸೆದೇಬಿಟ್ಟ. ಹಾಗೆ ಎದ್ದು ನಿಂತು ಹೆಣೆದುಕೊಳ್ಳುವುದು ಸಾಮಾನ್ಯವಾಗಿ ಎರಡು ಗಂಡುಗಳ ಕುಸ್ತಿ, ಒಬ್ಬರನ್ನೊಬ್ಬರು ನೆಲಕ್ಕೆ ಒತ್ತುವ ಆಟ ಎಂದು ಅವನಿಗೆ ಯಾರು ಹೇಳಬೇಕು? ಪೈಲ್ವಾನರಿಬ್ಬರೂ ಬೆದರಿ ತೊಗರಿ ಸಾಲಿನೊಳಗೆ ದಿಕ್ಕಿಗೊಂದು ಓಡಿದರು. ಟವೆಲ್ ಜಾಲಿ ಮುಳ್ಳಿಗೆ ಸಿಕ್ಕು ಎರಡು ತುಂಡಾಯಿತು.

ಒಂದು ತುಂಡು ಇವತ್ತಿಗೂ ಕಾಕಾನ ಪೆಟ್ಟಿಗೆಯಲ್ಲಿದೆ. ಇನ್ನೊಂದರಿಂದ ಕಾಕು ಒಲೆಯ ಮೇಲಿನ ಬೋಗುಣಿ ಇಳಿಸುತ್ತಾಳೆ.