ಫೀಲ್ಡಿಂಗ್ ಸುಧಾರಣೆಗೆ ಹನ್ನೆರಡೇ ದಿನ ಸಾಕು

2015ರ ಮಾರ್ಚ್ ತಿಂಗಳು. ಅರಿಜೋನಾದ ಮೆಸಾ ಎಂಬ ಊರಿನಲ್ಲಿ ಷಿಕಾಗೋ ಕಬ್ಸ್ ಬೇಸ್‌ಬಾಲ್ ತಂಡದ ತಾಲೀಮು ಶಿಬಿರ. ಅಲ್ಲಿನ ಅಭ್ಯಾಸ ಪಂದ್ಯಗಳಲ್ಲಿ ಕ್ರಿಸ್ ಬ್ರಯಂಟ್ ಎಂಬ 23ರ ಹುಡುಗನ ಲೆಕ್ಕ 40 ಸಲಕ್ಕೆ 17 ಹಿಟ್. ಅದರಲ್ಲಿ ಒಂಬತ್ತು ಹೋಂ ರನ್, ಅಂದರೆ ಚೆಂಡನ್ನು ಬೇಲಿಯಾಚೆ ಅಟ್ಟುವ ಹೊಡೆತ. ಆ ವಸಂತದಲ್ಲಿ ಅಲ್ಲಿನ ಅತ್ಯುನ್ನತ ದರ್ಜೆಯಾದ ಮೇಜರ್ ಲೀಗ್‌ನ ಮೂವತ್ತು ತಂಡಗಳ ಪೈಕಿ ಇವನಿಗಿಂತ ಹೆಚ್ಚು ಹೋಂ ರನ್ ಹೊಡೆದವರಿರಲಿಲ್ಲ. ಹತ್ತಕ್ಕೆ ಮೂರು ಸಲ ಸರಿಯಾಗಿ ಹೊಡೆದವನನ್ನು ತಲೆಯ ಮೇಲೆ ಹೊತ್ತು ಮೆರೆಸುವ ಆಟ ಅದು. ಹತ್ತಕ್ಕೆ ನಾಲ್ಕನ್ನೂ ಮೀರಿದವನನ್ನು ಏನು ಮಾಡಬೇಕು? ಮಾರ್ಚ್ 30ರಂದು, ಋತು ಆರಂಭವಾಗಲು ಇನ್ನೇನು ವಾರವೂ ಉಳಿದಿಲ್ಲ ಎನ್ನುವಾಗ, ಅವನನ್ನು ಕೆಳಗಿನ ಲೀಗಿಗೆ, ಅಯೋವಾ ರಾಜ್ಯದ ಡೆ ಮೊಯಿನ್‌ಗೆ ಸಾಗಹಾಕಿದರು. ಕೊಟ್ಟ ಕಾರಣ: ಹುಡುಗನ ಫೀಲ್ಡಿಂಗ್ ಇನ್ನಷ್ಟು ಪಳಗಬೇಕು.

ಕಬ್ಸ್ ಆಗ ಪುನರ್‌ನಿರ್ಮಾಣದಲ್ಲಿತ್ತು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಇದೊಂದು ಗೌರವಾನ್ವಿತ ಸ್ಥಿತಿ. ಇರುವ ಒಳ್ಳೆಯ ಆಟಗಾರರನ್ನು ಮಾರುವುದು, ಬದಲಿಗೆ ಎಳೆಯ ಹುಡುಗರನ್ನು ತರುವುದು, ಎರಡು ಮೂರು ವರ್ಷ ಮನಸಾರೆ ಸೋಲುವುದು. ಹೆಚ್ಚು ಸೋತವರಿಗೆ ಹೊಸ ಪ್ರತಿಭೆಗಳನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮುಂದಿನ ಸಾಲು. ಸೋಲಿಗೆ ಇಂಥ ಬಹುಮಾನವಿರುವಾಗ ಗೆಲ್ಲುವ ಮೂರ್ಖತನ ಯಾರು ಮಾಡುತ್ತಾರೆ? 2012ರಲ್ಲಿ ಕಬ್ಸ್ 162 ಪಂದ್ಯಗಳಲ್ಲಿ 101 ಸೋತು, ಮರುವರ್ಷದ ಡ್ರಾಫ್ಟ್‌ನಲ್ಲಿ ಎರಡನೆಯ ಸರದಿ ಸಂಪಾದಿಸಿತು. ಆ ಸರದಿಯಲ್ಲಿ ಸಿಕ್ಕವನೇ ಈ ಬ್ರಯಂಟ್. ಅಂದರೆ ಟಿಕೆಟ್ ಕೊಂಡ ಅಭಿಮಾನಿಗಳು ವರ್ಷಗಟ್ಟಲೆ ಸೋಲು ನೋಡಿದ್ದು ಯಾರಿಗಾಗಿಯೋ ಅವನು ಕೊನೆಗೂ ಬ್ಯಾಟ್ ಹಿಡಿದು ಬಾಗಿಲಲ್ಲಿ ನಿಂತಾಗ, ಆಡಳಿತ ಮಂಡಳಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ, ‘ಈಗಲೇ ಬೇಡ’ ಎಂದಿತು.

ಕ್ಯಾಲೆಂಡರಿನಲ್ಲಿ ಏನಿತ್ತು? ಆ ವರ್ಷದ ಋತು 183 ದಿನ. ಅದರಲ್ಲಿ 172 ದಿನ ತಂಡದ ಪಟ್ಟಿಯಲ್ಲಿದ್ದವನಿಗೆ ಒಂದು ವರ್ಷದ ಪೂರ್ಣ ಸೇವೆ ದಾಖಲಾಗುತ್ತದೆ. ಹೀಗೆ ಆರು ವರ್ಷ ಪೂರೈಸಿದವನು ಸ್ವತಂತ್ರ. ಯಾವ ತಂಡಕ್ಕೆ ಬೇಕಾದರೂ, ಎಷ್ಟು ಬೆಲೆಗೆ ಬೇಕಾದರೂ ಹೋಗಬಹುದು. ಅಲ್ಲಿಯವರೆಗೆ ತಂಡದ ಸೊತ್ತು. ಮೊದಲ ಮೂರು ವರ್ಷವಂತೂ ಸಾಮಾನ್ಯವಾಗಿ ಕನಿಷ್ಠ ವೇತನದ ಆಸುಪಾಸಿನಲ್ಲೇ ಇರಬೇಕು. 2015ರಲ್ಲಿ ಅದು 5,07,500 ಡಾಲರ್. ಈಗ ಕೂಡಿ ಕಳೆಯಿರಿ. ಮೊದಲ ವರ್ಷ ಹುಡುಗ 171 ದಿನವಷ್ಟೇ ಪಟ್ಟಿಯಲ್ಲಿದ್ದರೆ ಆ ವರ್ಷ ವರ್ಷವೇ ಅಲ್ಲ. ಆರು ವರ್ಷದ ಬಂಧನ ಕಾಸು ಖರ್ಚಿಲ್ಲದೆ ಏಳಾಗುತ್ತದೆ. ಅದಕ್ಕೆ ಬೇಕಾದದ್ದು ಹನ್ನೆರಡು ದಿನದ ಅಯೋವಾ ವಾಸ, ಮತ್ತು ಫೀಲ್ಡಿಂಗ್ ಎಂಬ ಒಂದು ಶಬ್ದ.

ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುತ್ತಿಗೆ ನೌಕರನ ಸೇವೆ ಅಖಂಡವಾಗದಿರಲೆಂದು ನಡುವೆ ಒಂದು ದಿನ ಮನೆಗೆ ಕಳುಹಿಸಿ, ಮರುದಿನ ಅದೇ ಕುರ್ಚಿಗೆ ಹೊಸ ಆದೇಶ ಕೊಡುವ ಕಚೇರಿಗಳನ್ನು ನಾವು ಕಂಡೇ ಇದ್ದೇವೆ. ಒಂದು ವ್ಯತ್ಯಾಸವಿದೆ. ನಮ್ಮ ಕಚೇರಿಗಳು ಆ ಒಂದು ದಿನ ನೌಕರ ಬೆರಳಚ್ಚು ಸುಧಾರಿಸಿಕೊಳ್ಳಲು ಹೋಗಿದ್ದ ಎಂದು ಪತ್ರಿಕಾಗೋಷ್ಠಿ ಕರೆಯುವುದಿಲ್ಲ.

ಏಪ್ರಿಲ್ 5ರ ರಾತ್ರಿ ಷಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ ಋತು ಆರಂಭವಾಯಿತು. ಮೈದಾನವೂ ಪುನರ್‌ನಿರ್ಮಾಣದಲ್ಲಿತ್ತು, ಹೊರ ಅಂಗಳದ ಆಸನಗಳ ಕಾಮಗಾರಿ ಮುಗಿದಿರಲಿಲ್ಲ. ಕೆಲವು ಶೌಚಾಲಯಗಳು ಕೈಕೊಟ್ಟವು. ಸಾಲು ಬೆಳೆದು ಬೆಳೆದು, ಒಂದಷ್ಟು ಪ್ರೇಕ್ಷಕರು ತಾವು ಕುಡಿದ ಬಿಯರಿನ ಲೋಟವನ್ನೇ ಮತ್ತೊಂದು ಕೆಲಸಕ್ಕೂ ಬಳಸಿಕೊಂಡರೆಂದು ಪತ್ರಿಕೆಗಳು ವರದಿ ಮಾಡಿದವು. ಬ್ರಯಂಟ್ ನಿಲ್ಲಬೇಕಿದ್ದ ಮೂರನೇ ಬೇಸ್‌ನಲ್ಲಿ ಮೈಕ್ ಓಲ್ಟ್ ಎಂಬ ಆಟಗಾರ ನಿಂತಿದ್ದ. ಕಬ್ಸ್ ಒಂದೂ ರನ್ ಗಳಿಸದೆ 3-0ರಿಂದ ಸೋತಿತು. ಶೌಚಾಲಯದ ವಿಷಯಕ್ಕೆ ತಂಡ ಕ್ಷಮೆ ಕೇಳಿತು. ಮೂರನೇ ಬೇಸ್‌ನ ವಿಷಯಕ್ಕೆ ಕೇಳಲಿಲ್ಲ.

ಆಮೇಲೆ ಡೆ ಮೊಯಿನ್‌ನಲ್ಲಿ ಪವಾಡ ನಡೆಯಿತು. ಏಪ್ರಿಲ್ 17ರಂದು, ಅಂದರೆ ಇನ್ನು 171 ದಿನ ಮಾತ್ರ ಉಳಿದಿದ್ದ ಮೊದಲ ದಿನವೇ, ಬ್ರಯಂಟ್‌ನ ಫೀಲ್ಡಿಂಗ್ ಪಕ್ವವಾಗಿಬಿಟ್ಟಿತು. ಒಂದು ದಿನ ಮುಂಚೆಯೂ ಅಲ್ಲ, ಒಂದು ದಿನ ತಡವಾಗಿಯೂ ಅಲ್ಲ. ಓಲ್ಟ್‌ನ ಮಣಿಕಟ್ಟಿಗೆ ಚೆಂಡು ಬಡಿದು ಗಾಯವಾಗಿದೆ, ಆದ್ದರಿಂದ ಕರೆಸುತ್ತಿದ್ದೇವೆ ಎಂದರು. ಪಾಪ, ಅವನ ಗಾಯ ನಿಜ. ಅದಕ್ಕೆ ಮುಹೂರ್ತ ಇಟ್ಟವರು ಯಾರೂ ಇಲ್ಲ ಎಂದೇ ನಂಬೋಣ.

ಮೊದಲ ಪಂದ್ಯದಲ್ಲಿ ಹುಡುಗ ನಾಲ್ಕು ಸಲ ಬ್ಯಾಟ್ ಹಿಡಿದು ಒಂದೂ ಹಿಟ್ ಇಲ್ಲದೆ ಹಿಂದಿರುಗಿದ. ಮೂರು ಸಲ ಸ್ಟ್ರೈಕ್ ಔಟ್. ಕಲಿತು ಬಂದದ್ದು ಫೀಲ್ಡಿಂಗ್ ತಾನೆ, ಬ್ಯಾಟಿಂಗ್ ಅಲ್ಲವಲ್ಲ! ಅನಂತರ ಆ ವರ್ಷದ ಶ್ರೇಷ್ಠ ಹೊಸ ಆಟಗಾರನಾದ, ಮರುವರ್ಷ ಮೇಜರ್ ಲೀಗ್‌ನ ಎರಡು ಭಾಗಗಳಲ್ಲೊಂದಾದ ನ್ಯಾಷನಲ್ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರನಾದ. 2016ರಲ್ಲಿ ಕಬ್ಸ್ 108 ವರ್ಷಗಳ ಬಳಿಕ ವಿಶ್ವ ಸರಣಿ ಗೆದ್ದಾಗ ಕೊನೆಯ ಚೆಂಡು ಉರುಳುತ್ತ ಬಂದದ್ದು ಮೂರನೇ ಬೇಸ್‌ನ ಬ್ರಯಂಟ್ ಕಡೆಗೆ. ಎತ್ತಿಕೊಂಡ, ಎಸೆಯುವಾಗ ಒದ್ದೆ ಹುಲ್ಲಿನ ಮೇಲೆ ಕಾಲು ಜಾರಿತು, ಆದರೂ ಚೆಂಡು ನೆಟ್ಟಗೆ ಮೊದಲ ಬೇಸ್‌ನ ರಿಜೋ ಕೈ ಸೇರಿತು. ಎಸೆಯುವ ಮುಂಚೆಯೇ ಅವನ ಮುಖದಲ್ಲಿ ನಗು ಅರಳಿತ್ತು. ಇಷ್ಟಾದ ಮೇಲೆ ಅಯೋವಾದ ತರಬೇತುದಾರರಿಗೊಂದು ಸನ್ಮಾನವಾದರೂ ಆಗಬೇಕಿತ್ತು.

ಬ್ರಯಂಟ್ ಮತ್ತು ಆಟಗಾರರ ಸಂಘ ದೂರು ಕೊಟ್ಟರು. ದೂರು ಸಲ್ಲಿಕೆಯಾದದ್ದು 2015ರಲ್ಲಿ, ಪಂಚಾಯ್ತಿಯ ತೀರ್ಪು ಬಂದದ್ದು 2020ರ ಜನವರಿಯಲ್ಲಿ. ನಮ್ಮ ಸಿವಿಲ್ ನ್ಯಾಯಾಲಯಗಳ ಬಗ್ಗೆ ಕೊರಗುವವರು ಗಮನಿಸಬೇಕು. ತೀರ್ಪು ತಂಡದ ಪರ. ದಿನ ಎಣಿಸಿಯೇ ಕಳುಹಿಸಿದರು ಎಂಬುದು ಸಾಬೀತಾಗಲಿಲ್ಲವಂತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎಂಬುದು ನಮ್ಮ ಗಾದೆ. ಅಲ್ಲಿ ಕನ್ನಡಿಯ ಜೊತೆಗೆ ದಾಖಲೆಯನ್ನೂ ಒದಗಿಸಬೇಕು.

ಅದಿರಲಿ, ಇಷ್ಟೆಲ್ಲ ಪಡಿಪಾಟಲು ಪಟ್ಟು ಗಳಿಸಿದ ಆ ಏಳನೇ ವರ್ಷವನ್ನು ಕಬ್ಸ್ ಏನು ಮಾಡಿತು? 2021ರ ಜುಲೈ 30ರಂದು, ಋತು ಮುಗಿಯುವ ಮುನ್ನವೇ, ಬ್ರಯಂಟ್‌ನನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕೊಟ್ಟು ಬದಲಿಗೆ ಇಬ್ಬರು ಎಳೆಯ ಹುಡುಗರನ್ನು ತಂದಿತು. ರಿಜೋನನ್ನೂ ಅದೇ ವಾರ ನ್ಯೂಯಾರ್ಕ್‌ಗೆ ದಾಟಿಸಿತು. ತಂಡವನ್ನು ಮತ್ತೆ ಕಟ್ಟಬೇಕಾಗಿತ್ತಲ್ಲ.

ಷಿಕಾಗೋದ ದಕ್ಷಿಣ ಭಾಗದಲ್ಲಿ ವೈಟ್ ಸಾಕ್ಸ್ ಎಂಬ ಇನ್ನೊಂದು ತಂಡವಿದೆ. ಕಬ್ಸ್ ಅಭಿಮಾನಿಗಳಿಗೂ ಇವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ, ಆದರೆ ಫೀಲ್ಡಿಂಗ್ ಶಾಸ್ತ್ರದಲ್ಲಿ ಎರಡೂ ತಂಡಗಳು ಒಂದೇ ಗುರುಕುಲದವು. 2017ರಲ್ಲಿ ಕಬ್ಸ್‌ನಿಂದಲೇ ಪಡೆದ ಎಲೋಯ್ ಹಿಮೆನೆಜ್ ಎಂಬ ಬಲಿಷ್ಠ ಬ್ಯಾಟುಗಾರ ಇವರ ಪುನರ್‌ನಿರ್ಮಾಣದ ಆಧಾರಸ್ತಂಭ. 2019ರ ಮಾರ್ಚ್‌ನಲ್ಲಿ ಅವನನ್ನೂ ಕೆಳಗಿನ ಲೀಗಿಗೆ ಕಳುಹಿಸಿದರು. ಕಾರಣ ನೀವು ಊಹಿಸಿದ್ದೇ. ಅದೇ ತಿಂಗಳು ಅವನು ಆರು ವರ್ಷದ, 4.3 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದ. ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದವನಿಗೆ ಅಲ್ಲಿಯವರೆಗೆ ಸಿಕ್ಕ ಅತಿ ದೊಡ್ಡ ಒಪ್ಪಂದ ಅದು. ಕಾಗದದ ಮೇಲೆ ಶಾಯಿ ಒಣಗುವಷ್ಟರಲ್ಲಿ ಫೀಲ್ಡಿಂಗ್ ಸರಿಹೋಗಿ, ಹುಡುಗ ಮೊದಲ ಪಂದ್ಯದ ಪಟ್ಟಿಗೆ ಬಂದ. ಸ್ವಾತಂತ್ರ್ಯದ ವರ್ಷಗಳನ್ನು ಮುಂಗಡವಾಗಿ ಮಾರಿದವನಿಗೆ ಅಭ್ಯಾಸದ ಅಗತ್ಯವಿಲ್ಲ. ಎರಡು ವರ್ಷದ ಬಳಿಕ ಅಭ್ಯಾಸ ಪಂದ್ಯವೊಂದರಲ್ಲಿ ಅವನು ಬೇಲಿಯಾಚೆ ಹಾರುತ್ತಿದ್ದ ಹೋಂ ರನ್ ಹಿಡಿಯಲು ನೆಗೆದು ಎದೆಯ ಸ್ನಾಯು ಹರಿದುಕೊಂಡು ತಿಂಗಳುಗಟ್ಟಲೆ ಮಲಗಿದ. ಆಗ ಯಾರೂ ಫೀಲ್ಡಿಂಗ್ ಬಗ್ಗೆ ಮಾತಾಡಿದ ನೆನಪಿಲ್ಲ.

ಮಾರ್ಚ್ ಕೊನೆಯ ವಾರದ ಆ ಕೊಠಡಿಯಲ್ಲಿ ನಡೆಯುವ ಮಾತು ಹೀಗಿರಬಹುದೆಂದು ನನ್ನ ಕಲ್ಪನೆ.

‘ಬಾರಪ್ಪ, ಕೂತುಕೋ. ನೀನು ಬಹಳ ಚೆನ್ನಾಗಿ ಆಡಿದೆ. ಅದಕ್ಕೇ ಕೆಳಗೆ ಕಳುಹಿಸುತ್ತಿದ್ದೇವೆ.’

‘ಸರ್, ಫೀಲ್ಡಿಂಗ್‌ನಲ್ಲಿ ಏನು ಸರಿಪಡಿಸಿಕೊಳ್ಳಬೇಕು?’

‘ಅದನ್ನು ಲೆಕ್ಕಪತ್ರದವರು ತಿಳಿಸುತ್ತಾರೆ.’

ಚೆನ್ನಾಗಿ ಆಡಿದವನು ಹೊರಗೆ ಹೋದನಲ್ಲ, ಒಳಗೆ ಉಳಿಯುವವರು ಯಾರು? ಕಳುಹಿಸಲು ನಿಯಮ ಬಿಡದವರು. ಮೂರು ಋತುಗಳಲ್ಲಿ ಕೆಳಗೆ ಹೋಗಿ ಬಂದವನನ್ನು ನಾಲ್ಕನೆಯ ಸಲ ಸುಮ್ಮನೆ ಕಳುಹಿಸುವಂತಿಲ್ಲ. ಮೊದಲು ಬೇರೆ ತಂಡಗಳ ಮುಂದೆ ಹರಾಜಿಗಿಟ್ಟಂತೆ ಇಡಬೇಕು. ‘ರೂಲ್ 5’ ಎಂಬ ಬಾಬತ್ತಿನಲ್ಲಿ ಒಂದು ಲಕ್ಷ ಡಾಲರ್ ಕೊಟ್ಟು ಬೇರೆ ತಂಡದ ಹುಡುಗನನ್ನು ಎತ್ತಿಕೊಂಡು ಬಂದರೆ ಋತುವಿಡೀ ಮೇಲಿನ ಪಟ್ಟಿಯಲ್ಲೇ ಇಟ್ಟು ಸಾಕಬೇಕು, ಇಲ್ಲವೇ ಹಳೆಯ ಮನೆಗೆ ಮರಳಿಸಲು ಮುಂದಾಗಬೇಕು. ಹೀಗಾಗಿ ಪುನರ್‌ನಿರ್ಮಾಣದ ತಂಡದಲ್ಲಿ 26 ಜನರ ಅಂತಿಮ ಪಟ್ಟಿ ಸಿದ್ಧವಾಗುವಾಗ ಬ್ಯಾಟಿಗಿಂತ ನಿಯಮಾವಳಿಯ ಪುಸ್ತಕ ಹೆಚ್ಚು ಸವೆಯುತ್ತದೆ. ನ್ಯಾಯವಾಗಿ ಹೇಳುವುದಾದರೆ ಇದರಿಂದ ಒಮ್ಮೊಮ್ಮೆ ಒಳ್ಳೆಯದೂ ಆಗುತ್ತದೆ. ವೈಟ್ ಸಾಕ್ಸ್ ಹಾಗೆ ಎತ್ತಿಕೊಂಡು ಬಂದ ಶೇನ್ ಸ್ಮಿತ್ ಎಂಬ ಪಿಚರ್, ಅಂದರೆ ಚೆಂಡೆಸೆಯುವವನು, 2025ರಲ್ಲಿ ಋತುವಿನ ಶ್ರೇಷ್ಠರು ಆಡುವ ಆಲ್ ಸ್ಟಾರ್ ಪಂದ್ಯಕ್ಕೇ ಆಯ್ಕೆಯಾದ. ಪ್ರತಿ ತಂಡದಿಂದ ಕನಿಷ್ಠ ಒಬ್ಬನಾದರೂ ಇರಲೇಬೇಕೆಂಬ ನಿಯಮ ಆ ಪಂದ್ಯಕ್ಕೂ ಇದೆ ಎಂಬುದನ್ನು ನೆನಪಿಸಿ ಅವನ ಸಂತೋಷ ಕೆಡಿಸುವುದು ಬೇಡ; ಹುಡುಗ ನಿಜಕ್ಕೂ ಚೆನ್ನಾಗಿ ಎಸೆದ.

ಈ ವ್ಯವಹಾರದಲ್ಲಿ ಸತ್ಯ ಹೇಳಿದವರೇ ಇಲ್ಲ ಎನ್ನಬಾರದು. ಒಬ್ಬರಿದ್ದರು. ಸಿಯಾಟಲ್ ಮ್ಯಾರಿನರ್ಸ್ ತಂಡದ ಅಧ್ಯಕ್ಷ ಕೆವಿನ್ ಮ್ಯಾಥರ್ 2021ರ ಫೆಬ್ರುವರಿಯಲ್ಲಿ ಬೆಲ್‌ವ್ಯೂ ಊರಿನ ರೋಟರಿ ಕ್ಲಬ್ಬಿನ ಸದಸ್ಯರೊಂದಿಗೆ ಮಾತಾಡುತ್ತ, ಒಳ್ಳೆಯ ಹುಡುಗರನ್ನು ಸೇವಾವಧಿಯ ಲೆಕ್ಕಕ್ಕಾಗಿಯೇ ಕೆಳಗಿಡುವ ವಿಷಯವನ್ನು ಮುಚ್ಚುಮರೆಯಿಲ್ಲದೆ ಬಿಚ್ಚಿಟ್ಟರು. ಜೊತೆಗೆ ವಿದೇಶಿ ಆಟಗಾರರ ಇಂಗ್ಲಿಷನ್ನೂ ಹಗುರವಾಗಿ ಆಡಿಕೊಂಡರು. ವಿಡಿಯೊ ಹೊರಬಿತ್ತು, ರಾಜೀನಾಮೆ ಕೊಟ್ಟರು. ಆಟಗಾರರನ್ನು ಆಡಿಕೊಂಡಿದ್ದಕ್ಕೆ ಆ ಶಿಕ್ಷೆ ಸರಿಯೇ. ಉಳಿದ ಭಾಗಕ್ಕೆ ಬೇರೆ ತಂಡಗಳಿಗೆ ಆದದ್ದು ಮಾತ್ರ, ಗುಟ್ಟು ಹೇಳಿಬಿಟ್ಟನಲ್ಲ ಎಂಬ ಸಂಕಟ ಇರಬೇಕೆಂದು ನನ್ನ ಗುಮಾನಿ.

2022ರಲ್ಲಿ ಹೊಸ ನಿಯಮ ಬಂತು. ಶ್ರೇಷ್ಠ ಹೊಸ ಆಟಗಾರನ ಮತದಾನದಲ್ಲಿ ಮೊದಲ ಎರಡು ಸ್ಥಾನ ಪಡೆದವನಿಗೆ, ಎಷ್ಟು ದಿನ ತಡವಾಗಿ ಬಂದಿದ್ದರೂ, ಪೂರ್ಣ ವರ್ಷದ ಸೇವೆ. ಪಿಟ್ಸ್‌ಬರ್ಗ್ ಪೈರೇಟ್ಸ್ 2024ರಲ್ಲಿ ಪಾಲ್ ಸ್ಕೀನ್ಸ್ ಎಂಬ ಪ್ರಚಂಡ ಪಿಚರ್‌ನನ್ನು ಮೇ 11ರವರೆಗೆ ಕೆಳಗೇ ಇಟ್ಟುಕೊಂಡಿತು. ಪಿಚರ್‌ಗೆ ಫೀಲ್ಡಿಂಗ್ ನೆಪ ಹೊಂದುವುದಿಲ್ಲ, ಆದ್ದರಿಂದ ತೋಳಿನ ಮೇಲಿನ ಹೊರೆಯನ್ನು ನಿಧಾನವಾಗಿ ಏರಿಸುತ್ತಿದ್ದೇವೆ ಎಂದರು. ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಅವನೇ. ಪೂರ್ಣ ಸೇವೆ ದಾಖಲಾಯಿತು. ಪೈರೇಟ್ಸ್ ಉಳಿಸಿದ್ದು ಸೊನ್ನೆ. ಕಳೆದುಕೊಂಡದ್ದು ಆರು ವಾರಗಳ ಸ್ಕೀನ್ಸ್.

ಸೋಲಿಗೆ ಬಹುಮಾನ ಕೊಡುವ ಡ್ರಾಫ್ಟ್‌ಗೂ ಲಾಟರಿ ತಂದು ಕಡಿವಾಣ ಹಾಕಿದರು. ಅದರ ಬಿಸಿ ಮುಟ್ಟಿದ್ದು ನಮ್ಮ ವೈಟ್ ಸಾಕ್ಸ್‌ಗೆ. ಮೊದಲ ಪುನರ್‌ನಿರ್ಮಾಣ ಕುಸಿದು ಎರಡನೆಯದು ನಡೆಯುತ್ತಿದ್ದ 2024ರಲ್ಲಿ ಈ ತಂಡ 121 ಪಂದ್ಯ ಸೋತು, 1962ರ ನ್ಯೂಯಾರ್ಕ್ ಮೆಟ್ಸ್‌ನ 120 ಸೋಲಿನ ಆಧುನಿಕ ಕಾಲದ ದಾಖಲೆಯನ್ನು ಮುರಿಯಿತು. ನಡುವೆ ಸತತ 21 ಸೋಲುಗಳ ಸರಮಾಲೆಯೂ ಇತ್ತು. ಮರುವರ್ಷ ಪೋಪ್ ಆದ ಹದಿನಾಲ್ಕನೇ ಲಿಯೋ ಈ ತಂಡದ ಹಳೆಯ ಅಭಿಮಾನಿ. ತಾಳ್ಮೆಯ ಸಾಧನೆ ಎಲ್ಲಿ ನಡೆಯಿತೆಂದು ಬೇರೆ ಕೇಳಬೇಕಾಗಿಲ್ಲ. ಇಷ್ಟು ನಿಷ್ಠೆಯಿಂದ ಸೋತವರಿಗೆ ಡ್ರಾಫ್ಟ್‌ನ ಮೊದಲ ಸರದಿ ಸಿಗಬೇಡವೇ? ದೊಡ್ಡ ಮಾರುಕಟ್ಟೆಯ ತಂಡಗಳಿಗೆ ಸತತ ಎರಡು ವರ್ಷ ಲಾಟರಿಯ ಸರದಿ ಇಲ್ಲ ಎಂಬ ಉಪನಿಯಮ ಎದುರಾಗಿ, ಸಿಕ್ಕಿದ್ದು ಹತ್ತನೆಯದು. 2025ರಲ್ಲಿ ತಂಡ ಸುಧಾರಿಸಿತು, ಬರೀ 102 ಪಂದ್ಯ ಸೋತಿತು. ಆ ಡಿಸೆಂಬರಿನ ಲಾಟರಿಯಲ್ಲಿ ಮೊದಲ ಸರದಿ ವೈಟ್ ಸಾಕ್ಸ್‌ಗೇ ಬಂತು. ಅದರಲ್ಲಿ ಸಿಗುವ ಹುಡುಗ ಯಾರೇ ಆಗಲಿ, ಅವನ ಫೀಲ್ಡಿಂಗ್ ಬಗ್ಗೆ ನನಗೆ ಈಗಿನಿಂದಲೇ ಚಿಂತೆ ಹತ್ತಿದೆ.