ನಗಿಸಿರಿ, ನಿಯಮ 6 ನೋಡಿಕೊಂಡು

ಹನಿಗವನ ಸ್ಪರ್ಧೆಯ ಆ ಪ್ರಕಟಣೆ ಇಷ್ಟರಲ್ಲಿ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ನನಗೆ ಏಳು ಕಡೆಯಿಂದ ಬಂತು, ಅದರಲ್ಲೊಂದು ನಮ್ಮ ಓಣಿಯ ಹಾಲಿನವನ ಗುಂಪಿನಿಂದ. ‘ಹಾಸ್ಯ ಕಡ್ಡಾಯ’ ಎಂದು ದಪ್ಪ ಅಕ್ಷರದಲ್ಲಿದೆ. ಅದರ ಕೆಳಗೆ, ಚಾಳೀಸು ಹಾಕಿಕೊಂಡರಷ್ಟೇ ಕಾಣುವ ನಿಯಮ 6. ರಾಜಕಾರಣ, ಜಾತಿ, ಧರ್ಮ, ಮಠ, ಇಲಾಖೆ, ಅಧಿಕಾರಿ, ಜನಪ್ರತಿನಿಧಿ, ಪ್ರಾಯೋಜಕರು, ಇವರ ಯಾರ ಮನಸ್ಸಿಗೂ ನೋವಾಗಬಾರದು.

ಹಾಗಾದರೆ ನಗುವುದಕ್ಕೆ ಉಳಿದದ್ದು ಯಾರು? ಹೆಂಡತಿ. ಆಕೆಯ ಹೆಸರು ಮಾತ್ರ ಆ ಪಟ್ಟಿಯಲ್ಲಿಲ್ಲ.

ಅದಕ್ಕೇ ಎಲ್ಲ ಕವಿಗಳೂ ಆಕೆಯ ಬೆನ್ನು ಹತ್ತಿದ್ದಾರೆ. ‘ಹೆಂಡ’ಕ್ಕೆ ‘ಅತಿ’ ಸೇರಿಸಿ ಮಾಡಿದ ಶ್ಲೇಷೆ ನಾನು ಕಾಲೇಜಿಗೆ ಹೋಗುವಾಗಲೇ ಹಲ್ಲು ಉದುರಿಸಿಕೊಂಡಿತ್ತು, ಈಗಲೂ ಅದಕ್ಕೆ ಸಮಾಧಾನಕರ ಬಹುಮಾನ ಗ್ಯಾರಂಟಿ. ನನಗೆ ಒಗಟಾಗಿರುವುದು ಲಟ್ಟಣಿಗೆ. ನಮ್ಮದು ಜೋಳದ ರೊಟ್ಟಿಯನ್ನು ಕೈಯಿಂದ ಬಡಿಯುವ ಸೀಮೆ. ಇಲ್ಲಿಯ ಹೆಣ್ಣುಮಗಳಿಗೆ ಸಿಟ್ಟು ಬಂದರೆ ಲಟ್ಟಣಿಗೆ ಹುಡುಕುವ ತಾಪತ್ರಯವೇ ಇಲ್ಲ, ಆ ಕೈಯೇ ಸಾಕು. ಆದರೂ ಹುಬ್ಬಳ್ಳಿಯಿಂದ ಹಾವೇರಿತನಕ ಒಬ್ಬ ಹನಿಗವಿಯೂ ಬರಿಗೈಯಲ್ಲಿ ಪೆಟ್ಟು ತಿಂದದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ಲಟ್ಟಣಿಗೆಯೇ ಬೇಕು!

ಹೋದ ವರ್ಷ ಇಂಥದ್ದೇ ಒಂದು ಸ್ಪರ್ಧೆಗೆ ಪ್ರೇಕ್ಷಕನಾಗಿ ಹೋಗಿದ್ದೆ. ಹತ್ತು ಗಂಟೆಯ ಕಾರ್ಯಕ್ರಮ ಶಿಸ್ತಾಗಿ ಹನ್ನೊಂದೂ ಮುಕ್ಕಾಲಿಗೆ ಶುರುವಾಯಿತು. ಸ್ವಾಗತ, ಪ್ರಾಸ್ತಾವಿಕ, ಆಶಯ ನುಡಿ, ಉದ್ಘಾಟನೆ. ಚುಟುಕು ಎಷ್ಟು ಚುಟುಕಾಗಿರಬೇಕು ಎಂಬುದರ ಮೇಲೆ ಉದ್ಘಾಟಕರು ಐವತ್ತು ನಿಮಿಷ ಮಾತಾಡಿದರು. ಆಮೇಲೆ ಸನ್ಮಾನ, ಏಲಕ್ಕಿ ಹಾರ. ಹಾವೇರಿಯವರ ಈ ಹಾರದ ಮೇಲೆ ನನಗೆ ಭಕ್ತಿಯಿದೆ. ಏಲಕ್ಕಿ ಬೆಳೆಯದ ಊರಿನವರು ಮಲೆನಾಡಿನ ಏಲಕ್ಕಿ ತರಿಸಿ, ಪೋಣಿಸಿ, ಹೆಸರು ಮಾಡಿದರು. ಆದರೆ ಕೊರಳಿಗೆ ಬಿದ್ದ ಹಾರವನ್ನು ಗಣ್ಯರು ಅದೇ ಕ್ಷಣ ತೆಗೆದು ಮೇಜಿನ ಮೇಲಿಡುತ್ತಾರಲ್ಲ, ಅದೇನು ಪದ್ಧತಿಯೋ. ವೇದಿಕೆ ಇಳಿಯುವಾಗ ಮಾತ್ರ ಯಾರೂ ಮರೆತು ಹೋಗುವುದಿಲ್ಲ.

ಎರಡೂವರೆಗೆ ಕವಿಗಳ ಪಾಳಿ. ಒಬ್ಬೊಬ್ಬರಿಗೆ ಒಂದು ನಿಮಿಷ, ಮೀರಿದರೆ ಗಂಟೆ. ನವಲಗುಂದದ ಕಡೆಯಿಂದ ಮೊದಲ ಬಸ್ಸಿಗೆ ಬಂದಿದ್ದ ಹಿರಿಯರೊಬ್ಬರು ನೆಹರು ಶರ್ಟಿನ ಕಿಸೆಯಿಂದ ಬಸ್ಸಿನ ಟಿಕೆಟ್ಟು ತೆಗೆದು, ಒಳಗಿಟ್ಟು, ನಾಲ್ಕು ಮಡಿಕೆಯ ಹಾಳೆ ತೆಗೆದು, ಚಾಳೀಸು ಹುಡುಕಿ, ಎಲ್ಲರಿಗೂ ಶರಣು ಅಂದು ಎರಡು ಸಾಲು ಓದುವಷ್ಟರಲ್ಲಿ ಗಂಟೆ ಹೊಡೆಯಿತು.

“ಇನ್ನ ಎರಡ ಸಾಲು ಅದಾವ್ರೀ...”

“ಸಮಯದ ಅಭಾವ ಐತ್ರೀ ಅಜ್ಜಾರ,” ಎಂದ ನಿರೂಪಕ.

ಆ ಎರಡು ಸಾಲಿನಲ್ಲಿ ಏನಿತ್ತೋ! ಚೌಪದಿಯಲ್ಲಿ ನಗು ಇರುವುದೇ ಕೊನೆಯ ಸಾಲಿನಲ್ಲಿ. ದಿನಕರ ದೇಸಾಯಿ ಅವರನ್ನು ಚುಟುಕು ಬ್ರಹ್ಮ ಅನ್ನುವುದು ಸುಮ್ಮನೆ ಅಲ್ಲ. ಮೂರು ಸಾಲು ಮೆಲ್ಲಗೆ ನಡೆಸಿಕೊಂಡು ಹೋಗಿ ನಾಲ್ಕನೆಯದರಲ್ಲಿ ಚಿವುಟುತ್ತಿದ್ದರು. ಹಿರೇಕೆರೂರು ಸೀಮೆಯ ಸರ್ವಜ್ಞನಿಗೆ ಮೂರೇ ಸಾಲು ಸಾಕಾಗುತ್ತಿತ್ತು. ಆದರೆ ಆತ ಬಿಟ್ಟವರು ಯಾರಿದ್ದಾರೆ? ಅರಸ, ಅರ್ಚಕ, ಗುರು, ಶೆಟ್ಟಿ, ಎಲ್ಲರಿಗೂ ಒಂದೊಂದು ಪೆಟ್ಟು. ನಿಯಮ 6 ಹಚ್ಚಿದರೆ ಅವನ ವಚನಗಳಲ್ಲಿ ಉಳಿಯುವುದು ಊಟದ ಮಾತು ಮಾತ್ರ.

ಈ ಸಲದ ವಿಷಯ ‘ಜೀವಜಲ’. ಹಾಸ್ಯವಾಗಿ ಬರೆಯಬೇಕಂತೆ. ಎಂಟು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ ಕುಳಿತು!

2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ಪ್ರಾಯೋಗಿಕವಾಗಿ ದಿನದ 24 ತಾಸೂ ನೀರು ಹರಿಸಿ ತೋರಿಸಿದರು. ಆಗ ನಮ್ಮ ಅವ್ವ, “ಇನ್ನ ನಮಗೂ ಬರ್ತದ, ಆ ದೊಡ್ಡ ಹಂಡೆ ಗುಜರಿಗೆ ಹಾಕಿಬಿಡು” ಅಂದಿದ್ದಳು. ಅವ್ವ ಹೋಗಿ ಆರು ವರ್ಷವಾಯಿತು. ಹಂಡೆ ಅಲ್ಲೇ ಇದೆ, ಅದರ ಪಕ್ಕ ಎರಡು ಸಿಂಟೆಕ್ಸ್ ಬಂದಿವೆ. ರಾತ್ರಿ ಎರಡಕ್ಕೆ ಎದ್ದು ಮೋಟಾರು ಹಚ್ಚಿ ಬೆಳಗ್ಗೆ ಕೆಲಸಕ್ಕೆ ಹೋಗುವ ಮನುಷ್ಯನಿಗೆ ಪ್ರಾಸ ಹೊಳೆಯುವುದಿಲ್ಲ. ನಿದ್ದೆ ಬರುತ್ತದೆ, ಸಿಟ್ಟು ಬರುತ್ತದೆ. ಮಲಪ್ರಭೆ ತುಂಬಿದ ಸುದ್ದಿ ಪೇಪರಿನಲ್ಲಿ ಓದುತ್ತ ಟ್ಯಾಂಕರಿನವನಿಗೆ ಫೋನು ಹಚ್ಚುವುದರಲ್ಲಿ ನನಗೆ ಯಾವ ಹಾಸ್ಯವೂ ಕಾಣುವುದಿಲ್ಲ.

ಆದರೂ ಬರೆದೆ. ಪ್ರವೇಶ ಶುಲ್ಕ 200 ರೂಪಾಯಿ ಮೊದಲೇ ಕಟ್ಟಿಯಾಗಿತ್ತು.

ಎಂಟ ದಿನಕ ಒಮ್ಮೆ ಬರ್ತಿ, ಎರಡ ತಾಸು ಇರ್ತಿ
ನಡುರಾತ್ರ್ಯಾಗ ಎಬ್ಬಿಸಿ ನನ್ನ, ಸದ್ದಿಲ್ದಂಗ ಹೋಗ್ತಿ
ಕೊಡಾ ಹಿಡಕೊಂಡ ಕಾದೀನಲ್ಲ, ಎಲ್ಲಿ ಹೋದಿ ಜಾಣಿ?
“ಯಾರಕೀ?” ಅಂದ್ಲು ಹೆಂಡ್ತಿ. “ನಳದ ನೀರು, ನಿನ್ನಾಣಿ!”

ಹೌದು, ಕೊನೆಗೆ ನಾನೂ ಹೆಂಡತಿಯನ್ನೇ ಎಳೆದು ತಂದೆ. ಲಟ್ಟಣಿಗೆ ಮಾತ್ರ ಇಲ್ಲ, ಅಷ್ಟು ಮಾನ ಉಳಿಸಿಕೊಂಡಿದ್ದೇನೆ.

ಮರುದಿನವೇ ಸಂಘಟಕರ ಉತ್ತರ ಬಂತು. ಕವನ ಚೆನ್ನಾಗಿದೆಯಂತೆ, ಆದರೆ ‘ಎಂಟು ದಿನಕ್ಕೊಮ್ಮೆ’ ಎಂಬಲ್ಲಿ ನಿಯಮ 6 ಮುರಿದಿದೆಯಂತೆ. “ದಿನಾಲೂ ಬರ್ತಿ ಅಂತ ತಿದ್ದಿ ಕಳಸ್ರಿ ಸರ್, ಪಾಸಿಟಿವ್ ಆಗ್ತದ. ಮುಖ್ಯ ಅತಿಥಿಗಳು ನಮ್ಮ ವಾರ್ಡಿನವರೇ ಅದಾರ.” ದಿನಾಲೂ ಬಂದರೆ ಕವನ ಯಾಕೆ ಬೇಕು ಮಾರಾಯಾ ಎಂದು ಕೇಳಿ, ದುಡ್ಡು ವಾಪಸು ಕೊಡಿ ಅಂದೆ. ಕೈಮುಗಿದ ಚಿತ್ರ ಬಂತು.

ಆ ರಾತ್ರಿಯೇ ಪ್ರಮಾಣಪತ್ರವೂ ಬಂತು. ಸುತ್ತ ಬಂಗಾರದ ಬಣ್ಣದ ಬಳ್ಳಿ, ಮೂಲೆಯಲ್ಲಿ ಭುವನೇಶ್ವರಿ, ನಡುವೆ ದೊಡ್ಡ ಅಕ್ಷರದಲ್ಲಿ: ‘ಶ್ರೀ/ಶ್ರೀಮತಿ ಹೆಸರು ಇಲ್ಲಿ ಬರೆಯಿರಿ ಅವರು ಹಾಸ್ಯ ಹನಿಗವನ ಸ್ಪರ್ಧೆಯಲ್ಲಿ ಪಾಲ್ಗೊಂಡು ಉತ್ತಮ ಪ್ರದರ್ಶನ ನೀಡಿರುತ್ತಾರೆ.’

ಹೆಂಡತಿ ನನ್ನ ಮೊಬೈಲು ಇಸಿದುಕೊಂಡು ಎರಡು ಸಲ ಓದಿದಳು. “ಇಷ್ಟ ದಿನದಾಗ ನೀವು ನನ್ನ ನಗಿಸಿದ್ದು ಇದs ಮೊದಲ ನೋಡ್ರಿ,” ಅಂದಳು.